ಕಾಲು ಮಡಚಬಾರದು

೭ ಫೆಬ್ರವರಿ ೨೦೦೬, ಮಂಗಳವಾರ
ಬೆಂಗಳೂರು, ಆಸ್ಪತ್ರೆ

ನಾಳೆ ಬೆಳಗ್ಗೆ ಬಲೂನ್. ನನ್ನ ಹೃದಯದ ಒಂದು ಕವಾಟ ಕಿರಿದಾಗಿದೆ, ಅದಕ್ಕೇ ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಗುವುದಿಲ್ಲ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರು. ತೊಡೆಯ ಸಂದಿನಲ್ಲಿ ತೂತು ಮಾಡಿ, ರಕ್ತನಾಳದೊಳಗೆ ಕೊಳವೆ ತೂರಿಸಿ, ಹೃದಯದವರೆಗೆ ಹೋಗಿ, ಅಲ್ಲಿ ಬಲೂನ್ ಊದಿ ಕವಾಟವನ್ನು ಅಗಲ ಮಾಡುತ್ತಾರಂತೆ. ಹೊರದೇಶಗಳಲ್ಲಿ ಈಗೀಗ ಇದೇ ದಾರಿಯಲ್ಲಿ ಹೊಸ ಕವಾಟವನ್ನೇ ಒಯ್ದು ಕೂರಿಸುತ್ತಿದ್ದಾರೆ, ನಿಮಗೆ ಅಷ್ಟೆಲ್ಲ ಬೇಕಾಗಿಲ್ಲ ಎಂದರು. ಇದಿಷ್ಟನ್ನೂ ನನ್ನ ಮಗ ಗಂಗಾಧರನ ಮುಖ ನೋಡಿಕೊಂಡು ಹೇಳಿದರು. ಎಸ್ಸೆಸ್ಸೆಲ್ಸಿಯನ್ನು ನಾನು ಚಿಂತಾಮಣಿಯಲ್ಲಿ ಒಂದೇ ಸಲಕ್ಕೆ ಪಾಸು ಮಾಡಿದವಳು. ಅವನು ಮೂರು ಸಲ ಕೂತವನು. ಆದರೆ ಚಿತ್ರ ಅವನಿಗೆ.

ನರ್ಸು ವರಲಕ್ಷ್ಮಿ ನನ್ನನ್ನು ಅಜ್ಜಿ ಎನ್ನುತ್ತಾಳೆ.

"ಅಜ್ಜಿ, ನಾಳೆ ಆದ್ಮೇಲೆ ಬಲಗಾಲು ಮಡಚಂಗಿಲ್ಲ. ಎದ್ದು ಕೂರಂಗಿಲ್ಲ. ನಾನು ಹೇಳೋವರ್ಗೂ ಮರದ ತುಂಡಿನ ಹಾಗೆ ಬಿದ್ದಿರ್ಬೇಕು."

"ಒಂದು ಸಲ ಹೇಳಿದ್ರೆ ಸಾಕಮ್ಮ. ನನಗೆ ಕಿವಿ ಚೆನ್ನಾಗಿದೆ."

"ಎಲ್ರೂ ಹಂಗೇ ಅಂತಾರೆ," ಎಂದು ಹೋದಳು.

ನಮ್ಮೂರು ಮಂಡಿಕಲ್ಲಿನ ಮನೆಯಲ್ಲಿ ರೇಷ್ಮೆಹುಳು ಮೂರನೇ ಜ್ವರ ಎದ್ದಿವೆ, ಎಂದರೆ ಮೂರನೇ ಸಲ ಪೊರೆ ಬಿಟ್ಟಿವೆ. ಇನ್ನೊಂದು ಸಲ ಪೊರೆ ಬಿಟ್ಟರೆ ಸೊಪ್ಪು ಎಷ್ಟು ಹಾಕಿದರೂ ಸಾಲುವುದಿಲ್ಲ. ಸೊಸೆ ಶೈಲಜಾ ಒಬ್ಬಳೇ ಇದ್ದಾಳೆ. ಭಾವನವರು, ಎಂದರೆ ತೀರಿಹೋದ ನಮ್ಮ ಯಜಮಾನರ ಅಣ್ಣ ಮುನಿಶಾಮಪ್ಪನವರು, ಮೇಲ್ವಿಚಾರಣೆಗೆ ಇದ್ದಾರೆ. ಮೇಲ್ವಿಚಾರಣೆ ಎಂದರೆ ಬಾಗಿಲಲ್ಲಿ ನಿಂತು ಕೆಮ್ಮುವುದು.

೧೦ ಫೆಬ್ರವರಿ, ಶುಕ್ರವಾರ

ಬಲೂನ್ ಚೆನ್ನಾಗಿಯೇ ಆಯಿತು. ಕೆಟ್ಟದ್ದು ಆಮೇಲೆ.

ಬುಧವಾರ ಸಂಜೆ ಕಾಲು ನೆಟ್ಟಗೆ ಚಾಚಿಕೊಂಡು ಮಲಗಿದ್ದೆ. ನೋಡಲು ಬಿಡುವ ಹೊತ್ತು. ವಾರ್ಡಿನ ಬಾಗಿಲಲ್ಲಿ ಬಿಳಿ ಪಂಚೆ ಕಂಡಿತು. ಭಾವನವರು. ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದುಬಿಟ್ಟಿದ್ದಾರೆ, ಕೈಯಲ್ಲಿ ಸೀಬೆಹಣ್ಣಿನ ಚೀಲ. ನನ್ನ ಎರಡು ಪಾದವೂ ಅವರ ಕಡೆಗೇ ಇದ್ದವು.

ಮದುವೆಯಾಗಿ ಬಂದಾಗಿನಿಂದ ಆ ಮನುಷ್ಯರ ಎದುರು ನಾನು ಕೂತವಳಲ್ಲ. ನೇರವಾಗಿ ಒಂದು ಮಾತು ಆಡಿದವಳಲ್ಲ. ಅವರೂ ಅಷ್ಟೆ. ಏನಾದರೂ ಹೇಳಬೇಕಾದರೆ ಶೈಲಜಾಗೆ ಹೇಳುತ್ತಾರೆ, ಅವಳಿಲ್ಲದಿದ್ದರೆ ಎಮ್ಮೆಗೆ ಹೇಳುತ್ತಾರೆ. "ಇವತ್ತು ಸಾರಿಗೆ ಉಪ್ಪು ಮುಂದಾಗಿತ್ತು ಕಣೇ," ಎಂದು ಎಮ್ಮೆಯ ಮುಂದೆ ನಿಂತು ಹೇಳಿದರೆ, ನಾನು ಅಡಿಗೆಮನೆಯಿಂದ, "ಉಪ್ಪು ಸರಿಯಾಗೇ ಇತ್ತು, ನಾಲಗೆ ನೋಡಿಕೊಳ್ಳಲಿ," ಎಂದು ಅದೇ ಎಮ್ಮೆಗೆ ಹೇಳುತ್ತೇನೆ. ನಮ್ಮ ಕಡೆ ಹಿರಿಯ ಭಾವ ಎಂದರೆ ಹಾಗೇ. ಅವರು ಬಂದರೆ ಏಳಬೇಕು, ಸೆರಗು ಹೊದೆಯಬೇಕು, ಮರೆಗೆ ಹೋಗಬೇಕು.

ಎದ್ದೆ. ಏಳಬೇಕೆಂದು ಎದ್ದದ್ದಲ್ಲ. ಕಾಲು ತಾನೇ ಒಳಕ್ಕೆ ಬಂತು, ಕೈ ತಾನೇ ಸೆರಗಿಗೆ ಹೋಯಿತು. ಸಂದಿನಲ್ಲಿ ಏನೋ ಪಟ್ ಎಂದಿತು. ಆಮೇಲೆ ಬೆಚ್ಚಗೆ.

ಇಬ್ಬರು ಸೇರಿ ಒತ್ತಿದರು. ಒಬ್ಬ ಹುಡುಗ ಡಾಕ್ಟರು ತನ್ನ ಭಾರವನ್ನೆಲ್ಲ ನನ್ನ ತೊಡೆಯ ಮೇಲೆ ಬಿಟ್ಟ. ಭಾವನವರು ಸೀಬೆಹಣ್ಣು ಹಿಡಿದುಕೊಂಡು ಗೋಡೆ ಕಡೆ ತಿರುಗಿ ನಿಂತಿದ್ದರಂತೆ. ಈಗ ಮೊಣಕಾಲಿನವರೆಗೆ ತೊಡೆ ನೇರಳೆಹಣ್ಣಿನ ಬಣ್ಣ. ಒಂದು ಬಾಟಲು ರಕ್ತ ಕೊಟ್ಟರು.

"ಯಾಕೆ ಎದ್ರಿ?" ಎಂದು ದೊಡ್ಡ ಡಾಕ್ಟರು ಕೇಳಿದರು.

"ಕೆಮ್ಮು ಬಂತು."

ವರಲಕ್ಷ್ಮಿ ಬ್ಯಾಂಡೇಜು ಸುತ್ತುತ್ತಾ ತಲೆ ಎತ್ತಲಿಲ್ಲ. "ಸೆರಗು ಹೊದ್ಕೊಂಡು ಕೆಮ್ಮೋರನ್ನ ಇವತ್ತೇ ನೋಡಿದ್ದು ಸಾರ್," ಎಂದಳು.

೧೩ ಫೆಬ್ರವರಿ, ಸೋಮವಾರ

ಗಾಯದ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು. ಕೈ ಇಟ್ಟರೆ ಮಿಡಿಯುತ್ತದೆ. ರಕ್ತನಾಳದ ತೂತು ಮುಚ್ಚಿಲ್ಲ, ರಕ್ತ ಹೊರಗೆ ಬಂದು ಚೀಲ ಕಟ್ಟಿಕೊಂಡಿದೆ ಎಂದರು. ಸ್ಕ್ಯಾನ್ ಯಂತ್ರ ಇಟ್ಟು ಅದು ಮುಚ್ಚುವವರೆಗೆ ಒತ್ತಿದರು. ಹಲ್ಲು ಕಚ್ಚಿಕೊಂಡಿದ್ದೆ. ಪಕ್ಕದ ಹಾಸಿಗೆಯವಳು ಇದಕ್ಕಿಂತ ಕಡಿಮೆಗೆ ಕೂಗಿ ಆಸ್ಪತ್ರೆಯನ್ನೇ ತಲೆ ಮೇಲೆ ಹೊತ್ತುಕೊಂಡಿದ್ದಳು.

ಮುಚ್ಚಿದೆಯಂತೆ. ಆದರೆ ಎದೆಬಡಿತ ತಾಳ ತಪ್ಪಿರುವುದರಿಂದ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ನುಂಗುತ್ತಲೇ ಇರಬೇಕು. ನಿಲ್ಲಿಸಿದರೆ ಹೆಪ್ಪು ಮೆದುಳಿಗೆ ಹೋಗುತ್ತದೆ, ನುಂಗಿದರೆ ಗಾಯ ಬಿರಿದಾಗ ರಕ್ತ ನಿಲ್ಲುವುದಿಲ್ಲ. ಎರಡೂ ಕಡೆ ಹೊಂಡ ತೋರಿಸಿ ಹುಷಾರಾಗಿ ಹೋಗಿ ಎನ್ನುತ್ತಾರೆ.

೧೮ ಫೆಬ್ರವರಿ, ಶನಿವಾರ
ಮಂಡಿಕಲ್

ಮನೆಗೆ ಬಂದೆ. ಹೊರಡುವಾಗ ವರಲಕ್ಷ್ಮಿ ಗಂಗಾಧರನಿಗೂ ನನಗೂ ದಿಂಬಿನ ಮೇಲೆ ತೋರಿಸಿಕೊಟ್ಟಳು. ರಕ್ತ ಬಂದರೆ ಗಾಯದ ಸ್ವಲ್ಪ ಮೇಲೆ ಅಂಗೈ ಬುಡ ಇಟ್ಟು, ಮೈಭಾರ ಬಿಟ್ಟು ಒತ್ತಬೇಕು. ನಿಂತಿತೇ ಎಂದು ಎತ್ತಿ ನೋಡಬಾರದು. ಒತ್ತಿಕೊಂಡೇ ಆಸ್ಪತ್ರೆಗೆ ಬರಬೇಕು. ಗಾಯ ಮಾಗುವ ತನಕ ಮಲಗಿಯೇ ಇರಬೇಕು, ಕಾಲು ಮಡಚಬಾರದು.

ಮಲಗುವುದು ಎಲ್ಲಿ ಎಂದು ಯಾರೂ ಯೋಚಿಸಿಲ್ಲ. ಒಳಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಹುಳುವಿನ ತಟ್ಟೆಗಳು. ನಾಲ್ಕನೇ ಜ್ವರ ಎದ್ದು ಸೊಪ್ಪು ತಿನ್ನುತ್ತಿವೆ, ಮಳೆ ಹನಿ ಬಿದ್ದ ಹಾಗೆ ಸದ್ದು. ಹಾಗಾಗಿ ನನ್ನ ಮಂಚ ಪಡಸಾಲೆಯಲ್ಲಿ, ಬಾಗಿಲಿಗೆ ನೇರವಾಗಿ. ಭಾವನವರು ಊಟಕ್ಕೆ ಬರುವುದು ಇದೇ ಬಾಗಿಲಲ್ಲಿ. ಅಡಿಗೆಮನೆಗೆ ಹೋಗುವುದು ಇದೇ ಪಡಸಾಲೆ ದಾಟಿ.

ಗಂಗಾಧರನಿಗೆ ಹೇಳಿದೆ. "ಅಷ್ಟಕ್ಕೆಲ್ಲ ಯಾಕಮ್ಮ ತಲೆ ಕೆಡಿಸ್ಕೊಳ್ತೀಯ? ಮಲಗಿರು," ಎಂದ. ಅವನಿಗೆ ಎಲ್ಲವೂ ಅಷ್ಟೇ.

೨೦ ಫೆಬ್ರವರಿ, ಸೋಮವಾರ

ಭಾವನವರು ಮನೆಯೊಳಗೆ ಬರುತ್ತಿಲ್ಲ. ತಟ್ಟೆಯನ್ನು ಸೊಪ್ಪಿನ ಕೊಟ್ಟಿಗೆಗೆ ತರಿಸಿಕೊಂಡು ಉಣ್ಣುತ್ತಿದ್ದಾರೆ. ಆಸ್ಪತ್ರೆಯಲ್ಲಿ ರಕ್ತ ಹೋದದ್ದು ಯಾಕೆ ಎಂದು ಶೈಲಜಾ ಬಾಯಿ ಬಿಟ್ಟಿದ್ದಾಳೆ. "ನಾನು ಬಂದ್ರೆ ಅವಳು ಎದ್ದೇಳ್ತಾಳೆ, ಎದ್ರೆ ಉಳಿಯಲ್ಲ. ನಾನಿಲ್ಲೇ ಇರ್ತೀನಿ," ಎಂದರಂತೆ.

ಮನೆಯ ಹಿರಿಯರಿಗೆ ಕೊಟ್ಟಿಗೆಯಲ್ಲಿ ಊಟ ಹಾಕುವ ಮನೆ ಇದು ಎಂದು ಊರು ಆಡಿಕೊಳ್ಳುವುದಕ್ಕೆ ಇನ್ನೇನು ಬೇಕು? ಪಕ್ಕದ ಮನೆ ಪೆದ್ದಮ್ಮ ಆಗಲೇ ಕೇಳಿದಳು. "ಏನು ಸುಬ್ಬಲಕ್ಷ್ಮಮ್ಮ, ಮುನಿಶಾಮಣ್ಣಂಗೆ ಎಮ್ಮೆ ಪಕ್ಕ ಎಲೆ ಹಾಕಿದ್ದೀರಂತೆ?"

ಮಲಗಿಯೇ ಇರುತ್ತೇನೆ, ಬಂದು ಉಣ್ಣಲಿ ಎಂದು ಶೈಲಜಾ ಕೈಯಲ್ಲಿ ಹೇಳಿಕಳಿಸಿದೆ. ಮಧ್ಯಾಹ್ನ ಬಂದರು. ಚಪ್ಪಲಿ ಬಿಟ್ಟ ಸದ್ದು ಕೇಳುತ್ತಿದ್ದ ಹಾಗೇ ನನ್ನ ಮೊಣಕೈ ಹಾಸಿಗೆಯಿಂದ ಮೇಲೆ ಬಂದಿತ್ತು. ಶೈಲಜಾ ಎರಡೂ ಭುಜ ಹಿಡಿದು ಒತ್ತಿದಳು. "ಅತ್ತೆ, ಮಲ್ಕೊಳ್ಳಿ. ಮಲ್ಕೊಳ್ಳಿ ಅಂದ್ರೆ." ಸೊಸೆಯ ಕೈಯಲ್ಲಿ ಕರುವಿನ ಹಾಗೆ ಒತ್ತಿಸಿಕೊಂಡು ಬಿದ್ದಿದ್ದೆ. ಅವರು ಹೊಸ್ತಿಲಲ್ಲೇ ತಿರುಗಿ ಹೋದರು.

ಐವತ್ತು ದಾಟಿದವಳ ಮೈ ಅವಳ ಮಾತು ಕೇಳಬೇಡವೇ.

೨೨ ಫೆಬ್ರವರಿ, ಬುಧವಾರ

ಗಂಗಾಧರ ಪಡಸಾಲೆಗೆ ಅಡ್ಡಲಾಗಿ ನನ್ನದೇ ಹಳೇ ಸೀರೆ ಕಟ್ಟಿದ್ದಾನೆ. ಈ ಕಡೆ ನಾನು, ಆ ಕಡೆ ಸಂಚಾರ. ನಾಟಕದ ಕಂಪನಿಯವಳ ಹಾಗೆ ಪರದೆಯ ಹಿಂದೆ ಬಿದ್ದಿದ್ದೇನೆ. ಭಾವನವರು ಆ ಕಡೆಯಿಂದ ಕೆಮ್ಮಿಕೊಂಡು ಬರುತ್ತಾರೆ, ಉಂಡು ಕೆಮ್ಮಿಕೊಂಡು ಹೋಗುತ್ತಾರೆ. ಕಾಣದಿದ್ದರೆ ಮೈ ಏಳುವುದಿಲ್ಲ. ಅಷ್ಟು ಬುದ್ಧಿ ಅದಕ್ಕಿದೆ.

ಹುಳು ಹಣ್ಣಾಗುತ್ತಿವೆ. ನಾಳೆ ಚಂದ್ರಿಕೆಗೆ, ಅವು ಗೂಡು ಕಟ್ಟುವ ಬಿದಿರಿನ ಚಾಪೆಗೆ, ಬಿಡಬೇಕು. ಹಣ್ಣಾದ ಹುಳುವನ್ನು ಈ ಮನೆಯಲ್ಲಿ ನನ್ನಷ್ಟು ಬೇಗ ಆರಿಸುವವರು ಯಾರೂ ಇಲ್ಲ. ಸೀರೆಯ ಹಿಂದಿನಿಂದ ಕೂಗಿ ಕೂಗಿ ಗಂಟಲು ಕಟ್ಟಿತು. "ಹಸಿರು ಇರೋದನ್ನ ಹಾಕ್ಬೇಡ ಕಣೇ." "ಇಲ್ಲ ಅತ್ತೆ." "ಹಾಕಿರ್ತೀಯ." "ಇಲ್ಲ ಅತ್ತೆ."

೨೫ ಫೆಬ್ರವರಿ, ಶನಿವಾರ

ಗಾಯದ ಮೇಲಿನ ಚರ್ಮ ತೆಳ್ಳಗಾಗಿ ಹೊಳೆಯುತ್ತಿದೆ. ಸ್ವಲ್ಪ ಊದಿದೆ. ಮಂಗಳವಾರ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುವುದಿದೆ. ಅದು ಮುಗಿಯಲಿ. ಈಗ ಹೇಳಿದರೆ ಇವರೆಲ್ಲ ಗೂಡು ಬಿಟ್ಟು ನನ್ನ ಸುತ್ತ ಕೂರುತ್ತಾರೆ.

೩ ಮಾರ್ಚ್, ಶುಕ್ರವಾರ
ಚಿಕ್ಕಬಳ್ಳಾಪುರ, ಆಸ್ಪತ್ರೆ

ಇವತ್ತು ಕೈಯಲ್ಲಿ ಪೆನ್ನು ನಿಲ್ಲುತ್ತಿದೆ. ಆದದ್ದನ್ನು ಬರೆದುಬಿಡುತ್ತೇನೆ. ಪೆದ್ದಮ್ಮ ಹೇಳುವ ರೀತಿಯಲ್ಲಿ ಅದು ಉಳಿಯಬಾರದು.

ಮಂಗಳವಾರ ಬೆಳಗ್ಗೆ ಗಂಗಾಧರ ಗೂಡು ತುಂಬಿಕೊಂಡು ಶಿಡ್ಲಘಟ್ಟಕ್ಕೆ ಹೋದ. ಅದೇ ದಿನ ಗೌರಿಬಿದನೂರಿನಲ್ಲಿ ಶೈಲಜಾಳ ತಮ್ಮನ ನಿಶ್ಚಿತಾರ್ಥ. ಹೋಗುವುದಿಲ್ಲ ಎಂದು ಕೂತಿದ್ದಳು. ಬೈದು ಕಳಿಸಿದವಳು ನಾನೇ. "ನಾನೇನು ತೊಟ್ಟಿಲ ಮಗುವಾ? ಸಂಜೆಗೆ ಬಾ, ಹೋಗು," ಎಂದೆ.

ಮಧ್ಯಾಹ್ನಕ್ಕೆ ಮುಂಚೆ ಕಾಲಸಂದಿ ಬೆಚ್ಚಗಾಯಿತು. ನೋಡಿದರೆ ಹೊದಿಕೆ ಕೆಂಪಾಗಿದೆ. ಚರ್ಮ ಬಿರಿದಿತ್ತು. ಎರಡೂ ಕೈಯಿಂದ ಒತ್ತಿದೆ. ಮಲಗಿದಲ್ಲಿಂದ ಕೈಗೆ ಭಾರ ಬರುವುದಿಲ್ಲ. ಬೆರಳಿನ ಸಂದಿಯಿಂದ ಬರುತ್ತಲೇ ಇತ್ತು.

ಅಂಗಳದಲ್ಲಿ ಭಾವನವರು ಖಾಲಿ ಚಂದ್ರಿಕೆಗಳನ್ನು ಎಳೆದು ಜೋಡಿಸುತ್ತಿರುವ ಸದ್ದು ಕೇಳುತ್ತಿತ್ತು. ಪೆದ್ದಮ್ಮ ಮಜ್ಜಿಗೆಗೆ ಬರುವ ಹೊತ್ತಾಗಿತ್ತು, ಅವಳು ಬರಲಿ ಎಂದು ಕಾದೆ. ಇದನ್ನು ಬರೆಯುವಾಗ ನನ್ನ ಮೇಲೇ ಸಿಟ್ಟು ಬರುತ್ತಿದೆ. ಮೈಯ ರಕ್ತ ಹಾಸಿಗೆಗೆ ಇಳಿಯುತ್ತಿರುವಾಗ ಮಜ್ಜಿಗೆಗೆ ಬರುವವಳನ್ನು ಕಾಯುತ್ತಾ ಬಿದ್ದಿದ್ದೆ.

ಕಣ್ಣು ಮಂಜಾಗತೊಡಗಿದಾಗ ಕೂಗಿದೆ.

"ಯಾರಿದ್ದೀರಿ ಅಲ್ಲಿ?"

ಚಂದ್ರಿಕೆ ಎಳೆಯುವುದು ನಿಂತಿತು. "ಶೈಲಜಾ ಇಲ್ಲ. ಗೌರಿಬಿದನೂರಿಗೆ ಹೋಗವಳೆ," ಎಂದು ಅಂಗಳಕ್ಕೆ ಹೇಳಿದರು.

"ಗೊತ್ತು. ರಕ್ತ ಹೋಗ್ತಾ ಇದೆ."

ಓಡಿಬಂದ ಸದ್ದು ಸೀರೆಯ ಆಚೆ ನಿಂತಿತು. ಅವರ ಉಸಿರು ಕೇಳುತ್ತಿತ್ತು. "ಒಳಗೆ ಬರಬಹುದಾ ಅಂತ ಕೇಳಿ," ಎಂದರು. ಯಾರಿಗೆ ಹೇಳಿದರೋ. ಮನೆಯಲ್ಲಿ ಇದ್ದದ್ದು ನಾನೊಬ್ಬಳು.

"ಬನ್ನಿ ಭಾವ," ಎಂದೆ.

ಬಂದರು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಬಂದರು. ಹೆಗಲ ಮೇಲಿನ ವಲ್ಲಿಯನ್ನು ಮುದ್ದೆ ಮಾಡಿ ನನ್ನ ಮೊಣಕಾಲಿನ ಮೇಲೆ ಇಟ್ಟು ಒತ್ತಿದರು.

"ಅಲ್ಲಲ್ಲ. ಮೇಲೆ."

ತೊಡೆಯ ನಡುವೆ ಒತ್ತಿದರು. ಕತ್ತಲಲ್ಲಿ ಬೆಂಕಿಪೊಟ್ಟಣ ಹುಡುಕುವವರ ಹಾಗೆ ಕೈ ತಡಕಾಡುತ್ತಿತ್ತು. ರಕ್ತ ಮಂಚದ ಪಟ್ಟಿಯಿಂದ ನೆಲಕ್ಕೆ ತೊಟ್ಟಿಕ್ಕುವುದು ಕೇಳುತ್ತಿತ್ತು. ಇವರ ಮರ್ಯಾದೆ ನನ್ನನ್ನು ಸಾಯಿಸುತ್ತದೆ ಎನ್ನಿಸಿತು. ಹುಳುಮನೆಯಲ್ಲಿ ಕೆಲಸದವರಿಗೆ ಮಾತಾಡುವ ದನಿ ಬಂತು.

"ಕಣ್ಣು ಬಿಡಿ ಭಾವ. ಕಣ್ಣು ಬಿಟ್ಟು ನೋಡಿ. ಇಲ್ಲಿ, ನನ್ನ ಕೈ ಇರೋ ಕಡೆ. ಅಂಗೈ ಬುಡ ಇಟ್ಟು ಮೈಭಾರ ಬಿಡಿ."

ಕಣ್ಣು ಬಿಟ್ಟರು. ನೋಡಿದರು. ಮಂಡಿಯೂರಿ ಕೂತು, ನಾನು ತೋರಿಸಿದ ಕಡೆ ಕೈ ಇಟ್ಟು, ತಮ್ಮ ಎಪ್ಪತ್ತು ವರ್ಷದ ಭಾರವನ್ನೆಲ್ಲ ಬಿಟ್ಟರು. ಪ್ರಾಣ ಹೋದಷ್ಟು ನೋವಾಯಿತು. ರಕ್ತ ನಿಂತಿತು.

"ಸರೀನಾ?"

"ಸರಿ. ಎತ್ತಬೇಡಿ."

"ಎತ್ತಲ್ಲ. ಭಯಪಡೊದ್ದಮ್ಮಾ, ಭಯಪಡೊದ್ದು," ಎಂದರು. ಹೆದರಿದರೆ ಅವರ ಬಾಯಲ್ಲಿ ತೆಲುಗು ಬರುತ್ತದೆ. ಹೆದರಬೇಡ ಎಂದು ನನಗೆ ಹೇಳುತ್ತಾ ತಮ್ಮ ಭಾರವನ್ನು ಇನ್ನಷ್ಟು ಬಿಟ್ಟರು.

ಪೆದ್ದಮ್ಮ ಆಗ ಬಂದಳು. ಚೊಂಬು ಹಿಡಿದುಕೊಂಡು ಸೀರೆ ಸರಿಸಿ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಬಾಯಿ ಆಮೇಲೆ ಮುಚ್ಕೊಳ್ಳುವಂತೆ. ಜಿಯಾವುಲ್ಲಾನ ವ್ಯಾನು ಕರ್ಕೊಂಡು ಬಾ, ಓಡು," ಎಂದೆ.

ಜಿಯಾವುಲ್ಲಾ ಬಸ್ ಸ್ಟಾಂಡಿನ ಹತ್ತಿರ ದಿನಸಿ ಅಂಗಡಿ ಇಟ್ಟವನು. ಅಕ್ಕಿ ಮೂಟೆಗಳನ್ನು ಅಲ್ಲೇ ಬೀದಿಯಲ್ಲಿ ಇಳಿಸಿ ಬಂದ. ಮಂಚದ ಹಾಸಿಗೆ ಸಮೇತ ನನ್ನನ್ನು ಎತ್ತಿದರು. ಭಾವನವರ ಕೈ ನನ್ನ ಮೇಲಿದ್ದ ಹಾಗೇ ಅವರೂ ಬಗ್ಗಿಕೊಂಡೇ ನಡೆದುಬಂದು ವ್ಯಾನಿನ ಸೀಟುಗಳ ಸಂದಿಯಲ್ಲಿ ಸಿಕ್ಕಿಕೊಂಡರು. "ಚಾಚಾ, ಹಂಪು ಬರ್ತೈತೆ, ಗಟ್ಟಿಯಾಗ್ ಇಟ್ಕೊಳ್ಳಿ," ಎಂದು ಜಿಯಾವುಲ್ಲಾ ಪ್ರತಿ ಹಂಪಿಗೂ ಹೇಳುತ್ತಿದ್ದ. "ನೀನು ರಸ್ತೆ ನೋಡಪ್ಪ," ಎಂದು ಇವರು ಪ್ರತಿ ಸಲವೂ ಬೈಯುತ್ತಿದ್ದರು.

ಇಲ್ಲಿಯ ಡಾಕ್ಟರು ಕೈ ತೆಗೆಯಿರಿ ಎಂದಾಗ ಭಾವನವರ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ನರ್ಸು ಒಂದೊಂದಾಗಿ ಬಿಡಿಸಬೇಕಾಯಿತು.

"ನೀವು ಇವರ ಯಜಮಾನ್ರಾ?" ಎಂದು ಅವಳು ಕೇಳಿದಳು.

ಅವರ ಮುಖ ಸುಟ್ಟ ಹಾಗಾಯಿತು. "ನಮ್ಮ ಭಾವನವರು," ಎಂದು ನಾನೇ ಹೇಳಿದೆ. ಆಮೇಲೆ ನನಗೆ ನೆನಪಿಲ್ಲ.

ಎರಡು ಬಾಟಲು ರಕ್ತ ಕೊಟ್ಟಿದ್ದಾರೆ. ನಾಳದ ತೂತಿಗೆ ಹೊಲಿಗೆ ಹಾಕಿದ್ದಾರೆ. ಮಾತ್ರೆ ಸದ್ಯಕ್ಕೆ ಇಲ್ಲ, ರಕ್ತ ಪರೀಕ್ಷೆ ಮಾಡಿ ಕಡಿಮೆ ಅಳತೆಯಲ್ಲಿ ಮತ್ತೆ ಶುರುಮಾಡುತ್ತಾರಂತೆ. ಚರ್ಮ ಹೊಳೆಯುವಾಗಲೇ ಯಾಕೆ ಬರಲಿಲ್ಲ ಎಂದು ಬೈದರು. ಗೂಡು ಬಿಡಿಸುವುದಿತ್ತು ಎಂದೆ. ಅವರೂ ಈ ಕಡೆಯವರೇ ಇರಬೇಕು, ಗೂಡಿಗೆ ಎಷ್ಟು ರೇಟು ಸಿಕ್ಕಿತು ಎಂದು ಕೇಳಿದರು.

೯ ಮಾರ್ಚ್, ಗುರುವಾರ
ಮಂಡಿಕಲ್

ಪೆದ್ದಮ್ಮ ನೋಡಲು ಬಂದಳು. ನೋಡಿದ್ದು ಮುಗಿದ ಮೇಲೆ ಮಂಚದ ಹತ್ತಿರಕ್ಕೆ ಜರುಗಿದಳು.

"ನಾನಂತೂ ಏನೂ ಹೇಳಿಲ್ಲಮ್ಮ. ಆದ್ರೆ ಊರಲ್ಲಿ ಅಂತಾವ್ರೆ. ಹಿರೀ ಭಾವ ಮುಟ್ಟಬಾರದ ಕಡೆ ಮುಟ್ಟಿದ್ದು ದೋಷವಂತೆ. ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಹಾಲೆರೆದು ಬಂದ್ರೆ ಕಳೀತದೆ."

"ಮುಟ್ಟದೇ ಇದ್ದಿದ್ರೆ ಇಷ್ಟು ಹೊತ್ತಿಗೆ ನೀನು ನನ್ನ ತಿಥಿಯ ವಡೆ ತಿಂದು ಎಣ್ಣೆ ಸಾಲದು ಅಂತಿದ್ದೆ. ದೋಷ ಯಾವುದರಲ್ಲಿ ಹೇಳು."

"ನಾನೆಲ್ಲಿ ಅಂದೆ. ಊರು ಅಂತದೆ."

"ಊರಿಗೆ ಹೇಳು, ಬಂದು ನನ್ನನ್ನು ಕೇಳಲಿ. ನಾನು ಎಲ್ಲೂ ಹೋಗಲ್ಲ, ಇಲ್ಲೇ ಬಿದ್ದಿರ್ತೀನಿ."

ಮಜ್ಜಿಗೆ ಕೇಳದೆ ಹೋದಳು. ಒಳ್ಳೆಯದಾಯಿತು.

ಆದರೆ ಈ ಮಾತು ಭಾವನವರ ಕಿವಿಗೂ ಬಿದ್ದಿದೆ. ಆಸ್ಪತ್ರೆಯಿಂದ ಬಂದ ಮೇಲೆ ಸೀರೆಯ ಆ ಕಡೆಗೂ ಬಂದಿಲ್ಲ. ಮತ್ತೆ ಕೊಟ್ಟಿಗೆ. ಊಟ ಅರ್ಧ ಹಾಗೇ ವಾಪಸು ಬರುತ್ತದೆ. "ದಿಬ್ಬೂರಹಳ್ಳಿಗೆ ಹೋಗಿ ಮಗಳ ಮನೇಲಿ ಇದ್ದುಬಿಡ್ತೀನಿ ಅಂತಿದ್ರು ಅತ್ತೆ. ನಿಮಗೆ ತಲೆ ಎತ್ತಿ ತಿರುಗೋಕೆ ಆಗದ ಹಾಗೆ ಮಾಡ್ಬಿಟ್ಟೆ ಅಂತ," ಎಂದಳು ಶೈಲಜಾ.

ನನ್ನ ತಲೆಯ ಚಿಂತೆ ಇವರಿಗೆ ಯಾಕೆ?

೧೩ ಮಾರ್ಚ್, ಸೋಮವಾರ

ಇವತ್ತೂ ಅರ್ಧ ಊಟ ವಾಪಸು. ಚೀಲ ಕಟ್ಟಿಟ್ಟಿದ್ದಾರಂತೆ. ನಾಳೆ ಬೆಳಗಿನ ಬಸ್ಸಿಗೆ.

೧೪ ಮಾರ್ಚ್, ಮಂಗಳವಾರ

ಬೆಳಗ್ಗೆಯೇ ಶೈಲಜಾ ಕೈಯಲ್ಲಿ ಆ ಸೀರೆ ಬಿಚ್ಚಿಸಿದೆ. "ಯಾಕತ್ತೆ?" ಎಂದಳು. ಗಾಳಿ ಬರುವುದಿಲ್ಲ ಎಂದೆ. ಆಮೇಲೆ, ಇನ್ನು ಮೇಲೆ ಈ ಮನೆಯಿಂದ ಕೊಟ್ಟಿಗೆಗೆ ತಟ್ಟೆ ಹೋಗುವುದಿಲ್ಲ, ಹಸಿವಾದವರು ಒಳಗೆ ಬಂದು ಉಣ್ಣಬೇಕು, ಊರು ಬಿಡುವವರು ಕೂಡ ಹೇಳಿ ಹೋಗಬೇಕು ಎಂದು ಅಂಗಳಕ್ಕೆ ಕೇಳುವ ಹಾಗೆ ಹೇಳಿದೆ. ಎದೆಯ ಕವಾಟ ಅಗಲವಾದದ್ದಕ್ಕೆ ದನಿಯೂ ಅಗಲವಾಗಿದೆ ಎಂದು ಗಂಗಾಧರ ನಕ್ಕ. ನನಗೇನೂ ನಗು ಬರಲಿಲ್ಲ.

ಬಸ್ಸು ಹೋದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಹೊಸ್ತಿಲಲ್ಲಿ ಪಂಚೆ ಕಂಡಿತು. ಕೈಯಲ್ಲಿ ಚೀಲವಿರಲಿಲ್ಲ.

"ನೀನು ಏಳಬಾರದು," ಎಂದರು. ನೆಲ ನೋಡಿಕೊಂಡು ಹೇಳಿದರು, ಆದರೆ ನನಗೇ ಹೇಳಿದರು.

"ಏಳೋಕೆ ಡಾಕ್ಟರು ಬಿಟ್ಟಿದ್ರೆ ತಾನೆ."

"ಊರೋರು..."

"ಊರೋರು ಬಂದು ಒತ್ತಿದ್ರಾ ಭಾವ? ಬನ್ನಿ, ಮುದ್ದೆ ಆರ್ತದೆ."

ಕೂತು ಉಂಡರು. ಎರಡನೇ ಮುದ್ದೆ ಹಾಕಿಸಿಕೊಂಡರು. ಸಾರಿನ ಬಗ್ಗೆ ಏನೂ ಅನ್ನಲಿಲ್ಲ. ಅನ್ನಬೇಕಿತ್ತು, ಶೈಲಜಾ ಹುಣಸೆಹಣ್ಣು ಜಾಸ್ತಿ ಹಾಕಿದ್ದಳು.

೨೫ ಮಾರ್ಚ್, ಶನಿವಾರ

ಮಾತ್ರೆಯ ಅಳತೆ ಸರಿಯಾಗಿದೆ. ಗಾಯ ಒಣಗಿದೆ. ಮನೆಯೊಳಗೆ ನಡೆಯಬಹುದು, ಕೂರಬಹುದು, ಕಾಲನ್ನೂ ಮಡಚಬಹುದು ಎಂದರು ಡಾಕ್ಟರು. ಅಡಿಗೆಮನೆಯವರೆಗೆ ನಡೆದೆ. ಉಸಿರು ಸಿಕ್ಕಿತು. ಸಾಸಿವೆ ಡಬ್ಬಿ ಇರಬೇಕಾದಲ್ಲಿ ಜೀರಿಗೆ ಇದೆ. ಎಲ್ಲ ತಲೆಕೆಳಗು ಮಾಡಿಟ್ಟಿದ್ದಾಳೆ.

ಯುಗಾದಿ ಕಳೆದ ಮೇಲೆ ರೇಷ್ಮೆಮೊಟ್ಟೆ ತರಿಸಿ ಹೊಸ ಹುಳು ಇಳಿಸಬೇಕು. ಮಧ್ಯಾಹ್ನ ಮಂಚದ ಮೇಲೆ ಗೋಡೆಗೆ ಒರಗಿ ಅವರೆಕಾಳು ಹಿಸುಕುತ್ತಿದ್ದೆ. ಭಾವನವರು ಎದುರಿನ ಬೆಂಚಿನ ಮೇಲೆ ಕೂತು ತಲೆ ತಿನ್ನಲು ಶುರುಮಾಡಿದರು.

"ಈ ಸಲ ಅರ್ಧದಷ್ಟು ಮೊಟ್ಟೆ ಸಾಕು ಕಣಮ್ಮ ಸುಬ್ಬಲಕ್ಷ್ಮಿ. ಸೊಪ್ಪು ಸಾಲಲ್ಲ."

ಈಗೀಗ ಹೆಸರು ಹಿಡಿದು ಕರೆಯುತ್ತಾರೆ, ಶಾಲೆಯ ಹುಡುಗಿಯನ್ನು ಕರೆದ ಹಾಗೆ.

"ಪೂರ್ತಿ ಮೊಟ್ಟೆಗೂ ಸಾಲುತ್ತೆ. ಮೇಲಿನ ತೋಟಕ್ಕೆ ನೀರು ಬಿಟ್ಟಿದ್ದಾನೆ ಗಂಗಾಧರ."

"ನೋಡ್ದೆ ಹೇಳ್ತೀಯ. ಎಲೆಯೆಲ್ಲ ಹಳದಿ ತಿರುಗೈತೆ."

"ನೀವು ಕನ್ನಡಕ ಹಾಕ್ಕೊಂಡು ಹೋಗಿದ್ರಾ?"

"ಕನ್ನಡಕ ಯಾಕೆ, ಹಳದಿ ಕಾಣಲ್ವಾ?"

"ನಿಮಗೆ ಬಿಸಿಲಲ್ಲಿ ಎಲ್ಲ ಹಳದಿ ಭಾವ. ಹೋದ ವರ್ಷ ಎಮ್ಮೆನೂ ಹಳದಿ ಅಂದಿದ್ರಿ."

ಕಾಳು ಬಿಡಿಸಿದ ಸಿಪ್ಪೆಯನ್ನು ಎತ್ತಿ ನನ್ನ ಮೊರಕ್ಕೇ ಎಸೆದು, ಗೊಣಗಿಕೊಂಡು ಎದ್ದು ಹೋದರು. ಪೂರ್ತಿ ಮೊಟ್ಟೆಯೇ ತರಿಸುತ್ತೇನೆ.

ಅವರು ಹೋದ ಮೇಲೂ ಶೈಲಜಾ ಅಡಿಗೆಮನೆಯ ಬಾಗಿಲಲ್ಲಿ ನಿಂತೇ ಇದ್ದಳು. ಬೆಂಚನ್ನು ನೋಡಿದಳು, ನನ್ನ ಕಾಲನ್ನು ನೋಡಿದಳು. ಏನೇ ಎಂದೆ. ಏನಿಲ್ಲ ಅತ್ತೆ ಎಂದಳು. ನನ್ನ ಕಾಲಲ್ಲಿ ನೋಡುವಂಥದ್ದು ಏನಿದೆ? ಎರಡೂ ಬೆಂಚಿನ ಕಡೆಗೆ ನೆಟ್ಟಗೆ ಚಾಚಿಕೊಂಡಿದ್ದವು. ಊತ ಕೂಡ ಇರಲಿಲ್ಲ.